ಉಡುಪಿಯ ಮದುವೆ ಕೇಟರಿಂಗ್: ಬಡಿಸುವ ರೀತಿಗೇ ಹೆಚ್ಚು ಅಂಕ

ಉಡುಪಿಯ ಹಾಲ್‌ಗಳಲ್ಲಿ ಬಫೆ ಹೆಚ್ಚುತ್ತಿದ್ದರೂ ಈ ಕೇಟರಿಂಗ್ ತಂಡ ಪಂಕ್ತಿ ಊಟವನ್ನು ಬಿಟ್ಟಿಲ್ಲ. ಬಾಳೆಲೆಯ ಕುಡಿ ಉಣ್ಣುವವರ ಎಡಕ್ಕೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಮೇಲ್ಭಾಗಕ್ಕೆ, ಅನ್ನ ಕೆಳಗೆ ನಡುವಿಗೆ. ಅನ್ನದವರ ಬೆನ್ನಿಗೇ ಸಾರಿನವರು ಬರುತ್ತಾರೆ. ಈ ಅಂತರ ತಪ್ಪಿದರೆ ಅನ್ನ ಆರುತ್ತದೆ, ಆಮೇಲೆ ಹುಳಿ, ಪಾಯಸ ಒಂದರ ಮೇಲೊಂದು ಬಂದು ಎಲೆಯೆಲ್ಲ ಕಲಸಿಹೋಗುತ್ತದೆ. ಬಡಿಸುವವರು ಬಗ್ಗಿ, ಸೌಟು ಎಲೆಗೆ ತಾಗದಂತೆ ಹಾಕುತ್ತಾರೆ. ಕೈ ಅಡ್ಡ ಹಿಡಿದರೆ ಮುಂದೆ ಹೋಗುತ್ತಾರೆ. ಹಿಂದೆ ಒತ್ತಾಯ ಮಾಡುವುದೇ ಉಪಚಾರವಾಗಿತ್ತು. ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವಾಗ ಪಾಯಸವನ್ನು ಕೇಳಿ ಬಡಿಸುವುದೇ ನಿಜವಾದ ಮರ್ಯಾದೆ.

ಕೊರತೆಯಿರುವುದು ಎರಡನೇ ಪಂಕ್ತಿಯ ಹೊತ್ತಿಗೆ. ಮಜ್ಜಿಗೆ ಅನ್ನ ಮುಗಿಯುವ ಮೊದಲೇ ಜನ ಕುರ್ಚಿಗಳ ಹಿಂದೆ ಬಂದು ನಿಲ್ಲುತ್ತಾರೆ, ಉಣ್ಣುತ್ತಿರುವ ಹಿರಿಯರು ಅರ್ಧಕ್ಕೇ ಏಳುತ್ತಾರೆ. ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿ, ಎಲೆ ತೆಗೆದು ಮೇಜು ಒರೆಸಿದ ಮೇಲಷ್ಟೇ ಒಳಬಿಟ್ಟರೆ ಇದು ಸರಿಯಾಗುತ್ತದೆ. ಊಟದ ಎಲೆಯ ಮೇಲೆ ವೀಡಿಯೊ ಲೈಟು ಬಿಡುವುದನ್ನೂ ತಡೆಯಬೇಕು. ಬುಕ್ ಮಾಡುವಾಗ ಎಲೆಯ ರೇಟಿನ ಜೊತೆಗೆ, ಒಂದು ಸಾಲಿಗೆ ಎಷ್ಟು ಮಂದಿ ಬಡಿಸುತ್ತಾರೆ ಎಂದೂ ಕೇಳಿಕೊಳ್ಳಿ.