ಜಂತುಹುಳಕ್ಕೆ ‘ಪೂರ್ತಿ ನೈಸರ್ಗಿಕ’ ಪುಡಿ ಹಾಕೋ ಮುಂಚೆ ಇದನ್ನ ಓದಿ

ನಾಯಿ, ಬೆಕ್ಕು, ಮೇಕೆ, ಹಸು ಎಲ್ಲಕ್ಕೂ ಒಂದೇ ಡಬ್ಬಿ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಯಾಕಂದ್ರೆ ಅದೇ ಡಬ್ಬಿಯನ್ನು ಇವತ್ತಿಗೂ ಮಾರುತ್ತಿದ್ದಾರೆ.

ನಮ್ಮ ನಾಯಿಯ ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ಬಿಳಿ ಚೂರುಗಳು ಅಂಟಿಕೊಂಡಿದ್ದವು. ಲಾಡಿಹುಳ ಅಂತ ಗೊತ್ತಿತ್ತು. ಮೇಕೆಗಳಿಗೂ ಜಂತಿನ ಔಷಧಿ ಕೊಡುವ ಹೊತ್ತಾಗಿತ್ತು. ಪ್ರತಿ ಸಲ ಕೆಮಿಕಲ್ ಯಾಕೆ ಸುಮ್ನೆ ಅಂತ ನಾನೇ ಕೂತು ಹುಡುಕಿ ಈ ಪುಡಿ ತರಿಸಿದೆ. ಬೆಳ್ಳುಳ್ಳಿ, ಕುಂಬಳಬೀಜ, ಬೇವು, ಜೊತೆಗೆ ಡಯಟೊಮೇಶಿಯಸ್ ಅರ್ತ್ ಅನ್ನೋ ಬಿಳಿ ಪುಡಿ. ಸೈಡ್ ಎಫೆಕ್ಟ್ ಇಲ್ಲ, ಎಷ್ಟು ದಿನ ಬೇಕಾದರೂ ಕೊಡಿ ಅಂತ ಬರೆದಿತ್ತು. ಬೆಳ್ಳುಳ್ಳಿ ಎಷ್ಟು ಹಾಕಿದ್ದಾರೆ ಅಂತ ಮಾತ್ರ ಎಲ್ಲೂ ಇರಲಿಲ್ಲ. ಇಷ್ಟು ತೂಕದ ಪ್ರಾಣಿಗೆ ಇಷ್ಟು ಅಂತಲೂ ಇರಲಿಲ್ಲ. ‘ದಿನಕ್ಕೆ ಒಂದು ಚಮಚ’. ಯಾವ ಚಮಚ? ನಾನೂ ಕೇಳಲಿಲ್ಲ ಬಿಡಿ.

ಮೂರನೇ ದಿನ ನಾಯಿ ಮಲಗುವ ಚಾಪೆ ಮೇಲೆ ಒಣಗಿದ ಬಿಳಿ ಚೂರುಗಳು ಬಿದ್ದಿದ್ದವು. ನನಗೆ ಖುಷಿಯೋ ಖುಷಿ. ಫೋಟೋ ತೆಗೆದು ಮಾರಿದವರಿಗೆ ಕಳಿಸಿದೆ. ತಕ್ಷಣ ಉತ್ತರ: “ಸೂಪರ್ ಸರ್! ಹುಳ ಸತ್ತು ಉದುರ್ತಾ ಇವೆ. ನಿಲ್ಲಿಸಬೇಡಿ.” ನಾನು ಥ್ಯಾಂಕ್ಸ್ ಬೇರೆ ಹೇಳಿದೆ. ಆಮೇಲೆ ಗೊತ್ತಾಗಿದ್ದು ಏನಂದ್ರೆ, ಲಾಡಿಹುಳ ಒಳಗೆ ಆರಾಮಾಗಿ ಬದುಕಿದ್ದಾಗಲೇ ತನ್ನ ಬಾಲದ ತುಂಡುಗಳನ್ನು ಹೀಗೆ ಉದುರಿಸುತ್ತದೆ, ಅದರೊಳಗೆ ಮೊಟ್ಟೆ ಇರುತ್ತದೆ. ಅಂದರೆ ಹುಳ ಚೆನ್ನಾಗಿದೆ ಅನ್ನೋದಕ್ಕೆ ಸಾಕ್ಷಿಯನ್ನು ನಾನು ಹುಳ ಸತ್ತಿದೆ ಅನ್ನೋದಕ್ಕೆ ಸಾಕ್ಷಿ ಅಂತ ಕಳಿಸಿದ್ದೆ!

ಒಂದು ವಾರ ಕಳೆಯುವಷ್ಟರಲ್ಲಿ ನಾಯಿ ಗೇಟಿನ ತನಕ ಓಡೋದನ್ನ ನಿಲ್ಲಿಸಿತು. ತಟ್ಟೆ ಮೂಸಿ ಹಿಂದೆ ಹೋಗುತ್ತಿತ್ತು. ಕೇಳಿದೆ. “ಅದು ಒಳಗಿನ ವಿಷ ಹೊರಗೆ ಬರೋ ಹೊತ್ತು ಸರ್, ಸುಸ್ತು ಇರುತ್ತೆ, ಒಳ್ಳೆಯದೇ.” ಮಾರನೇ ದಿನ ಉಚ್ಚೆ ಕಂದು ಬಣ್ಣಕ್ಕೆ ತಿರುಗಿತ್ತು. ಮತ್ತೆ ಕೇಳಿದೆ. “ನೋಡಿದ್ರಾ, ವಿಷ ಹೋಗ್ತಾ ಇದೆ.” ಚೆನ್ನಾಗಿದ್ದರೆ ಅದು ಪುಡಿಯ ಗುಣ, ಕೆಟ್ಟರೂ ಅದು ಪುಡಿಯ ಗುಣ! ಇದನ್ನ ಓದಿಯೂ ನಾನು ಇನ್ನೆರಡು ದಿನ ಊಟದಲ್ಲಿ ಬೆರೆಸಿ ಹಾಕಿದೆ. ನನ್ನ ಕೈಯಾರೆ. ಅದು ನನ್ನನ್ನ ನಂಬಿ ತಿಂದಿತು.

ಇದೇ ಹೊತ್ತಿಗೆ ಮೇಕೆಗಳಲ್ಲಿ ಒಂದು ಮರಿ ಹಿಂಡಿನ ಹಿಂದೆ ಬೀಳತೊಡಗಿತು. ಗದ್ದದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಮೆತ್ತಗೆ ಊತ. ಅವರನ್ನೇ ಕೇಳಿದೆ, ಇನ್ಯಾರನ್ನ ಕೇಳೋದು, ಅಷ್ಟೊತ್ತಿಗೆ ಅವರೇ ನನ್ನ ಡಾಕ್ಟ್ರು ಆಗಿಬಿಟ್ಟಿದ್ದರಲ್ಲ. “ಭೇದಿ ಇದೆಯಾ ಸರ್?” ಇಲ್ಲ, ಹಿಕ್ಕೆ ಗುಂಡಗೇ ಇದೆ ಅಂದೆ. “ಹಾಗಾದ್ರೆ ಹೊಟ್ಟೆ ಕ್ಲೀನ್ ಆಗಿದೆ. ಊತಕ್ಕೆ ಬೇರೆ ಎಣ್ಣೆ ಕಳಿಸ್ಲಾ?”

ಮರಿ ಎರಡು ದಿನಕ್ಕೆ ಸತ್ತಿತು.

ಅವತ್ತೇ ಪಶುವೈದ್ಯರನ್ನ ಕರೆಸಿದೆ. ಅವರು ಏನೂ ಮಾತಾಡದೆ ಒಂದು ದೊಡ್ಡ ಮೇಕೆಯನ್ನು ಹಿಡಿದು ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು. ಕೆಂಪಗಿರಬೇಕಾದ ಜಾಗ ಕಾಗದದ ಹಾಗೆ ಬಿಳಿ. ಆಮೇಲೆ ನಾಯಿಯ ತುಟಿ ಎತ್ತಿದರು. ಒಸಡೂ ಅದೇ ಬಣ್ಣ. ನಾನು ಪಕ್ಕದಲ್ಲಿ ಡಬ್ಬಿ ಹಿಡಿದು ನಿಂತಿದ್ದೆ, ಅದನ್ನ ಎಲ್ಲಿ ಬಚ್ಚಿಡಲಿ ಅನ್ನಿಸಿತು.

ಮೇಕೆಯದು ಹೀಮಾಂಕಸ್ ಅನ್ನೋ ಹುಳ. ಹೊಟ್ಟೆಯಲ್ಲಿ ಕಚ್ಚಿಕೊಂಡು ರಕ್ತ ಕುಡಿಯುತ್ತದೆ. ಒಂದು ಹುಳ ದಿನಕ್ಕೆ ಸುಮಾರು 0.05 ಮಿಲಿ. ಏನು ಮಹಾ ಅನ್ನಿಸುತ್ತೆ ಅಲ್ವಾ? 1,000 ಹುಳ ಇದ್ದರೆ ದಿನಕ್ಕೆ 50 ಮಿಲಿ ಆಯ್ತು, ಒಂದು ಮರಿಯ ಮೈಯಿಂದ. ಇದರಲ್ಲಿ ಎಷ್ಟೋ ಸಲ ಭೇದಿಯೇ ಆಗೋದಿಲ್ಲ. ಹಿಕ್ಕೆ ಗುಂಡಗಿದೆ ಅಂತ ಖುಷಿಪಟ್ಟೆನಲ್ಲ, ಅದಕ್ಕೆ ಅರ್ಥವೇ ಇರಲಿಲ್ಲ. ಗದ್ದದ ಊತವೂ ರಕ್ತ ಹೋಗಿದ್ದರಿಂದಲೇ ಬಂದಿದ್ದು. ಡಬ್ಬಿಯಲ್ಲಿ ಬೆರೆಸಿದ್ದ ಆ ಡಯಟೊಮೇಶಿಯಸ್ ಅರ್ತ್ ಒಣಗಿದ್ದಾಗ ಕೀಟಗಳ ಮೈಮೇಲಿನ ಮೇಣದ ಪದರ ತೆಗೆದು ಒಣಗಿಸುತ್ತದೆಯಂತೆ. ಹೊಟ್ಟೆಯೊಳಗೆ ಎಲ್ಲ ಒದ್ದೆ, ಅಲ್ಲಿ ಅದು ಬರೀ ಮಣ್ಣು.

ನಾಯಿಯ ಕಥೆಯೇ ಬೇರೆ. ಅದರ ರಕ್ತ ಹಾಳುಮಾಡಿದ್ದು ಹುಳ ಅಲ್ಲ, ಬೆಳ್ಳುಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಜಾತಿಯಲ್ಲಿರುವ ಗಂಧಕದ ಅಂಶ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಬೆಕ್ಕಿಗೆ ಇನ್ನೂ ಜಾಸ್ತಿ ಅಪಾಯ. ಒಣಗಿಸಿ ಪುಡಿ ಮಾಡಿದ್ದು ಹಸಿಯದಕ್ಕಿಂತ ಜೋರು. ತಿಂದ ದಿನವೇ ಏನೂ ಕಾಣಲ್ಲ, ಕೆಲವು ದಿನ ಬಿಟ್ಟು ಕಾಣುತ್ತದೆ. ಕಂದು ಉಚ್ಚೆಯಲ್ಲಿ ಹೋಗುತ್ತಿದ್ದದ್ದು ‘ವಿಷ’ ಅಲ್ಲ, ಒಡೆದ ರಕ್ತ. ಲಾಡಿಹುಳವೋ, ಅದು ಅಷ್ಟು ದಿನವೂ ಹಾಗೇ ಇತ್ತು. ಒಂದು ಸರಿಯಾದ ಮಾತ್ರೆಗೆ ಹೋಯಿತು. ಜೊತೆಗೆ ಚಿಗಟಕ್ಕೂ ಔಷಧಿ ಹಾಕಬೇಕಾಯಿತು, ಯಾಕಂದ್ರೆ ಈ ಲಾಡಿಹುಳ ಹೆಚ್ಚಾಗಿ ಬರೋದು ನಾಯಿ ಚಿಗಟ ನುಂಗಿದಾಗ. ನಾಯಿ ಉಳಿಯಿತು. ವಾರಗಟ್ಟಲೆ ಹಿಡಿಯಿತು, ಉಳಿಯಿತು.

ಇಷ್ಟೆಲ್ಲ ಮಾರಿದವರಿಗೆ ಬರೆದೆ. ಮೊದಲ ಉತ್ತರ: “ನೀವು ಅಳತೆ ಜಾಸ್ತಿ ಹಾಕಿರ್ತೀರಿ.” ಡಬ್ಬಿಯ ಫೋಟೋ ಕಳಿಸಿ, ಅಳತೆ ಎಲ್ಲಿದೆ ತೋರಿಸಿ ಅಂದೆ. “ಅರ್ಧಕ್ಕೆ ನಿಲ್ಲಿಸಿದ್ದಕ್ಕೇ ಹೀಗಾಗಿದೆ.” ಜಾಸ್ತಿ ಹಾಕಿದ್ದೂ ನಾನೇ, ಬೇಗ ನಿಲ್ಲಿಸಿದ್ದೂ ನಾನೇ! ದುಡ್ಡು ವಾಪಸ್ ಕೇಳಿದೆ. “ಸೀಲ್ ಒಡೆದ ಡಬ್ಬಿ ವಾಪಸ್ ತಗೊಳಲ್ಲ.” ಸೀಲ್ ಒಡೆಯದೆ ಹುಳಕ್ಕೆ ಹೇಗೆ ಹಾಕೋದು ಸ್ವಾಮಿ? ಅದಕ್ಕೆ ಒಂದು ಕೈಮುಗಿದ ಚಿತ್ರ ಬಂತು.

ನೈಸರ್ಗಿಕ ಅನ್ನೋದೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಡಾಕ್ಟ್ರೇ ಹೇಳಿದರು, ಹುಳದ ಮರಿಗಳು ಹುಲ್ಲಿನ ಬುಡದಲ್ಲೇ ಜಾಸ್ತಿ, ಅದಕ್ಕೆ ನೆಲಕ್ಕೆ ಹತ್ತಿದ ಹುಲ್ಲನ್ನು ಮೇಯಿಸಬೇಡಿ, ಎತ್ತರದ ಸೊಪ್ಪು ತಿನ್ನಲಿ ಅಂತ. ಕೆಮಿಕಲ್ ಔಷಧಿಗೂ ಕೆಲವು ಕಡೆ ಹುಳ ಬಗ್ಗುತ್ತಿಲ್ಲವಂತೆ. ಅದಕ್ಕೇ ಹಿಕ್ಕೆ ಪರೀಕ್ಷೆ ಮಾಡಿಸಿ ಮೊಟ್ಟೆ ಎಣಿಸಿ ಕೊಡೋದು, ಕೊಟ್ಟು 10–14 ದಿನ ಬಿಟ್ಟು ಮತ್ತೆ ಎಣಿಸೋದು. ಯಾರು ಏನೇ ಮಾರಲಿ, ಈ ಎಣಿಕೆ ಮಾಡಿಸಿದ್ದೀರಾ ಅಂತ ಕೇಳಿ. ಕಣ್ಣಿನ ರೆಪ್ಪೆ, ಒಸಡು ನೀವೇ ನೋಡಿ, ಬಿಳಿ ಆಗಿದ್ದರೆ ಯಾರಿಗೂ ಮೆಸೇಜ್ ಮಾಡುತ್ತಾ ಕೂರಬೇಡಿ. ಬೆಕ್ಕಿಗೆ ಟೀ ಟ್ರೀ ಎಣ್ಣೆ ಹಚ್ಚಿ ಅಂದರಂತೂ ಫೋನ್ ಇಟ್ಟುಬಿಡಿ, ಅದು ಬೆಕ್ಕಿಗೆ ವಿಷ. ಅದನ್ನೂ ನನಗೆ ‘ಫ್ರೀ’ ಅಂತ ಕೊಡೋಕೆ ಬಂದಿದ್ದರು.

ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ. ಮೊನ್ನೆ ಬೇರೆಯವರ ಫೋನಿನಲ್ಲಿ ಅವರ ಜಾಹೀರಾತು ನೋಡಿದೆ. ‘ಮೂರೇ ದಿನದಲ್ಲಿ ಫಲ’ ಅಂತ ದೊಡ್ಡದಾಗಿ ಬರೆದು ಕೆಳಗೆ ಒಂದು ಫೋಟೋ ಹಾಕಿದ್ದಾರೆ. ಮೂಲೆ ಹರಿದ ನೀಲಿ ಚಾಪೆ, ಅದರ ಮೇಲೆ ಬಿಳಿ ಚೂರುಗಳು, ಅಂಚಿನಲ್ಲಿ ನಮ್ಮ ನಾಯಿಯ ಒಂದು ಕಾಲು.