ಸಿಟ್ರೊಯೆನ್ 2ಸಿವಿಗೆ ಗ್ಯಾಲ್ವನೈಸ್ಡ್ ಬದಲಿ ಚಾಸಿಸ್: ಸತುವಿನ ಹೊಳಪು ನೋಡಿ ಕೊಳ್ಳಬೇಡಿ

ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯ ಹಳೆಯ ಪುಟ್ಟ ಕಾರು 2ಸಿವಿಯ ಎಂಜಿನ್ ಗಟ್ಟಿ ಜೀವ. ಈ ಕಾರನ್ನು ಮೂಲೆಗೆ ಕೂರಿಸುವುದು ಬಹುತೇಕ ಚಾಸಿಸ್. 1948ರಲ್ಲಿ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡಾಗಿನಿಂದ 1990ರ ಜುಲೈನಲ್ಲಿ ಪೋರ್ಚುಗಲ್‌ನ ಮಂಗ್ವಾಲ್ಡೆ ಕಾರ್ಖಾನೆಯಲ್ಲಿ ತಯಾರಿಕೆ ನಿಲ್ಲುವವರೆಗೂ ಇದರ ಕಟ್ಟುವಿಕೆಯ ಕ್ರಮ ಒಂದೇ: ಕೆಳಗೆ ತೆಳು ತಗಡಿನ ಚಪ್ಪಟೆ ಚಾಸಿಸ್, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಹಗುರ ಬಾಡಿ. ಆ ಚಾಸಿಸ್ ಪೆಟ್ಟಿಗೆಯಂತೆ ಮುಚ್ಚಿದ್ದು. ಒಳಗೆ ಸೇರಿದ ನೀರು ಹೊರಗೆ ಬರುವುದಿಲ್ಲ, ತುಕ್ಕು ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಹೊರಗಿನ ಬಣ್ಣ ಚೆನ್ನಾಗಿರುವಾಗಲೇ ಸ್ಕ್ರೂಡ್ರೈವರ್ ಚುಚ್ಚಿದರೆ ಒಳಕ್ಕೆ ಇಳಿಯುತ್ತದೆ.

ನಿಮ್ಮ ಕಾರಿಗೆ ಬದಲಿ ಚಾಸಿಸ್ ಬೇಕೋ ತೇಪೆ ಸಾಕೋ ಎಂದು ತಿಳಿಯಲು ಒಂದು ದಾರ ಸಾಕು. ಉದ್ದದ ತೊಲೆಯ ತಳಕ್ಕೆ ಮುಂದಿನಿಂದ ಹಿಂದಿನವರೆಗೆ ದಾರ ಬಿಗಿದು ಕಟ್ಟಿ. ತೊಲೆ ದಾರಕ್ಕೆ ಸಮನಾಗಿರದೆ ಬಾಳೆಹಣ್ಣಿನಂತೆ ಬಾಗಿದ್ದರೆ ತೇಪೆ ಹಾಕಿ ಪ್ರಯೋಜನವಿಲ್ಲ. ತೇಪೆ ತೂತನ್ನು ಮುಚ್ಚೀತು, ಬಾಗನ್ನು ತೆಗೆಯಲಾರದು. ಮುಂದಿನ ಬಾಗಿಲು ಮತ್ತು ಮಡ್‌ಗಾರ್ಡ್ ನಡುವಿನ ಸಂದು ಮೇಲೊಂದು ಅಗಲ, ಕೆಳಗೊಂದು ಅಗಲ ಇದ್ದರೂ ಅದೇ ಸೂಚನೆ.

ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಬದಲಿ ಚಾಸಿಸ್‌ಗಳು ಮುಖ್ಯವಾಗಿ ಎರಡು ಬಗೆ. ಒಂದು ಮೂಲ ವಿನ್ಯಾಸವನ್ನೇ ಅನುಸರಿಸಿ ತಗಡು ಮಡಚಿ ಮಾಡಿದ್ದು. ಇನ್ನೊಂದು ದಪ್ಪ ತಗಡಿನಲ್ಲಿ ಹೊಸದಾಗಿ ವಿನ್ಯಾಸ ಮಾಡಿದ ಗಟ್ಟಿಮುಟ್ಟಾದ ಪೆಟ್ಟಿಗೆ. ನಮ್ಮ ಆಯ್ಕೆ ಮೊದಲನೆಯದೇ. ಮೂಲ ಚಾಸಿಸ್‌ನ ಮುಂದಿನ ತೋಳುಗಳು ಡಿಕ್ಕಿಯಾದಾಗ ಮಡಚಿಕೊಂಡು ಪೆಟ್ಟನ್ನು ಒಂದಿಷ್ಟು ನುಂಗುತ್ತವೆ. ದಪ್ಪ ಚಾಸಿಸ್ ಮಡಚುವುದಿಲ್ಲ, ಆ ಪೆಟ್ಟು ಒಳಗೆ ಕೂತವರಿಗೆ ದಾಟುತ್ತದೆ. ಆರು ನೂರು ಕಿಲೋ ಕೂಡ ತೂಗದ ಕಾರಿಗೆ ಹೆಚ್ಚಿನ ತೂಕ ಹೇರುವುದೂ ಸರಿಯಲ್ಲ. ಆರ್ಡರ್ ಮಾಡುವಾಗ ಮಾಡೆಲ್, ವರ್ಷ, ಬ್ರೇಕಿನ ಬಗೆ ಮೂರನ್ನೂ ಹೇಳಿ. ಸಿಟ್ರೊಯೆನ್‌ನ ಇತರ ಮಾದರಿಗಳಾದ ಆಮಿ, ಮೆಹಾರಿ, ವ್ಯಾನ್‌ಗಳ ಚಾಸಿಸ್ ನೋಡಲು ಅಕ್ಕತಂಗಿಯರಂತಿದ್ದರೂ ಹಿಡಿತದ ಜಾಗಗಳು ಬೇರೆ.

ಇನ್ನು ಗ್ಯಾಲ್ವನೈಸಿಂಗ್. ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ ಕರಗಿದ ಸತುವಿನಲ್ಲಿ ಇಡೀ ಚಾಸಿಸ್ ಮುಳುಗಿಸಿ ತೆಗೆಯುತ್ತಾರೆ. ಐಎಸ್‌ಒ 1461 ಮಾನದಂಡದ ಪ್ರಕಾರ 1.5 ಮಿ.ಮೀ.ಗಿಂತ ತೆಳುವಾದ ಉಕ್ಕಿನ ಮೇಲೆ ಸರಾಸರಿ 45 ಮೈಕ್ರಾನ್, 1.5ರಿಂದ 3 ಮಿ.ಮೀ.ವರೆಗಿನ ತಗಡಿನ ಮೇಲೆ 55 ಮೈಕ್ರಾನ್ ಸತುವು ಕೂರಬೇಕು. ಒಳಮೈಗೂ ಸತುವು ತಲುಪುವುದೇ ಇದರ ದೊಡ್ಡ ಲಾಭ, ಏಕೆಂದರೆ 2ಸಿವಿಗೆ ತುಕ್ಕು ಶುರುವಾಗುವುದೇ ಅಲ್ಲಿ. ತೊಂದರೆಯೂ ಅದೇ ಬಿಸಿಯಿಂದ ಬರುತ್ತದೆ. ವೆಲ್ಡಿಂಗ್ ಮಾಡಿದಾಗ ಲೋಹದೊಳಗೆ ಉಳಿದ ಸೆಳೆತ ಬಿಸಿಗೆ ಬಿಟ್ಟುಕೊಂಡು ತೆಳು ತಗಡು ಸೊಟ್ಟಗಾಗುತ್ತದೆ. ಜಿಗ್‌ನಲ್ಲಿ, ಅಂದರೆ ಅಳತೆ ತಪ್ಪದಂತೆ ಹಿಡಿದಿಡುವ ಚೌಕಟ್ಟಿನಲ್ಲಿ, ಕೂರಿಸಿ ನೇರವಾಗಿಯೇ ವೆಲ್ಡ್ ಮಾಡಿದ ಚಾಸಿಸ್ ಸತುವಿನ ತೊಟ್ಟಿಯಿಂದ ತಿರುಚಿಕೊಂಡು ಹೊರಬರಬಹುದು. ಹಾಗಾಗಿ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಸತುವಿನಲ್ಲಿ ಅದ್ದಿದ ಮೇಲೆ ಮತ್ತೆ ಅಳತೆ ನೋಡಿದ್ದೀರಾ?

ಅವರು ಹೌದೆಂದರೂ ಮನೆಗೆ ಬಂದ ದಿನವೇ ನೀವೂ ಅಳೆಯಿರಿ. ಮುಂದಿನ ಮತ್ತು ಹಿಂದಿನ ಆಕ್ಸಲ್ ಕೂರುವ ಜಾಗಗಳ ಮೇಲೆ ಅಡ್ಡಲಾಗಿ ಒಂದೊಂದು ನೇರವಾದ ಅಲ್ಯುಮಿನಿಯಂ ಪಟ್ಟಿ ಇಡಿ. ಚಾಸಿಸ್‌ನ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೇ ಕಣ್ಣಿನಲ್ಲಿ ನೋಡುತ್ತಾ, ಹತ್ತಿರದ ಪಟ್ಟಿಯ ಮೇಲಂಚನ್ನು ದೂರದ ಪಟ್ಟಿಯ ಮೇಲಂಚಿಗೆ ಹೊಂದಿಸಿ. ಎರಡು ಗೆರೆಗಳೂ ಒಂದಾಗಿ ಕಂಡರೆ ಚಾಸಿಸ್ ತಿರುಚಿಲ್ಲ. ಒಂದು ಕಡೆ ದೂರದ ಪಟ್ಟಿ ಮೇಲಕ್ಕೆ ಇಣುಕಿದರೆ ತಿರುಚಿದೆ. ರಸಮಟ್ಟ ನೆಲದ ಓರೆಯನ್ನೂ ಸೇರಿಸಿ ತೋರಿಸುತ್ತದೆ, ಈ ವಿಧಾನಕ್ಕೆ ಆ ದೋಷವಿಲ್ಲ. ಆಮೇಲೆ ಮುಂದಿನ ಎಡ ಬೋಲ್ಟ್ ತೂತಿನಿಂದ ಹಿಂದಿನ ಬಲ ತೂತಿಗೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಕರ್ಣ ಅಳೆಯಿರಿ. ಎರಡರ ನಡುವೆ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರುವ ಚಾಸಿಸ್ಸನ್ನು ನಾವಾದರೆ ವಾಪಸ್ ಕಳಿಸುತ್ತೇವೆ. ಬಣ್ಣ ಬಳಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಅಲ್ಲಿಯವರೆಗೆ ಬ್ರಷ್ ಮುಟ್ಟಬೇಡಿ.

ಎರಡನೇ ಪರೀಕ್ಷೆ ಥ್ರೆಡ್‌ಗಳದ್ದು. ಬಾಡಿ ಹಿಡಿಯುವ ಬೋಲ್ಟ್‌ಗಳು ಎಂ7 (7 ಮಿ.ಮೀ. ದಪ್ಪ), ಪಿಚ್ (ಥ್ರೆಡ್‌ಗಳ ನಡುವಿನ ಅಂತರ) 1 ಮಿ.ಮೀ., ತಲೆಗೆ 11ರ ಸ್ಪ್ಯಾನರ್. ಥ್ರೆಡ್ ಕೊರೆಯುವ ಉಪಕರಣವಾದ ಟ್ಯಾಪ್‌ನ ಸಾಮಾನ್ಯ ಸೆಟ್‌ನಲ್ಲಿ ಎಂ6 ಆದ ಮೇಲೆ ನೇರ ಎಂ8 ಇರುತ್ತದೆ, ಎಂ7 ಬೇರೆಯಾಗಿಯೇ ಕೊಳ್ಳಬೇಕು. ಸತುವು ಚಾಸಿಸ್‌ಗೆ ಒಳಗಿನಿಂದ ವೆಲ್ಡ್ ಮಾಡಿದ ನಟ್‌ಗಳೊಳಗೆ ಹರಿದು ಗಟ್ಟಿಯಾಗಿರುತ್ತದೆ. ಒಳ್ಳೆಯ ತಯಾರಕರು ಅದನ್ನು ಬಿಡಿಸಿಯೇ ಕಳಿಸುತ್ತಾರೆ, ಎಲ್ಲರೂ ಅಲ್ಲ. ಎಣ್ಣೆ ಬಿಟ್ಟು, ಟ್ಯಾಪನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತಾ ಒಂದೊಂದೇ ನಟ್ ಬಿಡಿಸಿ. ಬೋಲ್ಟನ್ನೇ ಬಲವಂತವಾಗಿ ತೂರಿಸಿದರೆ ನಟ್‌ನ ವೆಲ್ಡ್ ಕಿತ್ತು, ಮುಚ್ಚಿದ ಪೆಟ್ಟಿಗೆಯೊಳಗೆ ಅದು ಸುಮ್ಮನೆ ಗಿರಗಿರ ತಿರುಗುತ್ತದೆ. ಆಗ ತಗಡು ಕೊಯ್ಯದೆ ಬೇರೆ ದಾರಿ ಇರುವುದಿಲ್ಲ.

ಹಳೆಯದನ್ನು ಬಿಚ್ಚುವುದು ಭಯಪಟ್ಟಷ್ಟು ಕಷ್ಟವಲ್ಲ. ಬಾನೆಟ್ ಪಕ್ಕಕ್ಕೆ ಜಾರಿಸಿದರೆ ಬರುತ್ತದೆ, ಬಾಗಿಲು ಮೇಲಕ್ಕೆ. ಬ್ಯಾಟರಿ, ಸ್ಟಿಯರಿಂಗ್ ಕಾಲಂನ ಹಿಡಿತದ ಬೋಲ್ಟ್, ಬ್ರೇಕ್ ಪೈಪ್, ಕ್ಲಚ್ ಮತ್ತು ಸ್ಪೀಡೋಮೀಟರ್ ಕೇಬಲ್, ಗೇರ್ ಕಡ್ಡಿ, ಹಿಂದಿನ ದೀಪಗಳ ವೈರು ಬಿಡಿಸಿ. ಚಾಸಿಸ್ ಹೇಗೂ ಗುಜರಿಗೆ ಹೋಗುವುದರಿಂದ ತುಕ್ಕು ಹಿಡಿದ ಬಾಡಿ ಬೋಲ್ಟ್‌ಗಳ ತಲೆ ಹಾರಿಸಿದರೂ ನಷ್ಟವಿಲ್ಲ, ನೆಲದ ಅಂಚಿನ ತಗಡು ಮಾತ್ರ ಹರಿಯಬಾರದು. ಆದರೆ ಬಾಡಿ ಎತ್ತುವ ಮುಂಚೆ ಎರಡೂ ಕಡೆಯ ಬಾಗಿಲಿನ ತೆರಪಿಗೆ ಅಡ್ಡ ಪಟ್ಟಿ ವೆಲ್ಡ್ ಮಾಡಿ ಬಿಗಿಮಾಡಲೇಬೇಕು. ಚಾಸಿಸ್ ಇಲ್ಲದ 2ಸಿವಿ ಬಾಡಿ ರಟ್ಟಿನ ಪೆಟ್ಟಿಗೆಯಷ್ಟೇ ಗಟ್ಟಿ. ಬಾಗಿಲಿನ ತೆರಪಿನ ಕೆಳಗಿನ ಅಂಚು ತುಕ್ಕು ತಿಂದಿದ್ದರಂತೂ ಎತ್ತುವಾಗಲೇ ಮಡಚುತ್ತದೆ. ಆಮೇಲೆ ನಾಲ್ಕು ಜನ ನಾಲ್ಕು ಮೂಲೆ ಹಿಡಿದರೆ ಸಾಕು, ಕ್ರೇನ್ ಬೇಡ.

ನಿಜವಾದ ಅಪಾಯ ಇರುವುದು ಎರಡೂ ಪಕ್ಕದ ಸಸ್ಪೆನ್ಷನ್ ಸಿಲಿಂಡರ್‌ಗಳಲ್ಲಿ. ಅವುಗಳೊಳಗೆ ಬಿಗಿದ ಸ್ಪ್ರಿಂಗ್‌ಗಳಿವೆ, ಎಳೆಸರಳುಗಳು ಅವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಹಿಡಿದ ತೋಳುಗಳಿಗೆ ಜೋಡಿಸುತ್ತವೆ. ಚಕ್ರದ ಮೇಲೆ ಭಾರ ಇರುವಾಗ ಎಳೆಸರಳು ಬಿಚ್ಚಲು ಹೋಗಬೇಡಿ. ಚಾಸಿಸ್ಸನ್ನು ಸ್ಟ್ಯಾಂಡ್ ಮೇಲೆ ಕೂರಿಸಿ ತೋಳುಗಳು ಪೂರ್ತಿ ಕೆಳಗೆ ಜೋತು ಬಿದ್ದ ಮೇಲೆಯೇ ಕೈ ಹಾಕಿ. ಬಿಚ್ಚುವ ಮೊದಲು ಹೊರಗೆ ಕಾಣುವ ಥ್ರೆಡ್‌ನ ಉದ್ದವನ್ನು ನಾಲ್ಕೂ ಕಡೆ ಅಳೆದು ಬರೆದಿಡಿ, ಮತ್ತೆ ಜೋಡಿಸುವಾಗ ಎತ್ತರಕ್ಕೆ ಅದೇ ಆಧಾರ. ಸಿಲಿಂಡರ್ ಕಿರುಗುಟ್ಟುತ್ತಿದ್ದರೆ ಒಳಗೆ ಹರಳೆಣ್ಣೆ ಬಿಡಿ. ಎಂಜಿನ್ ಆಯಿಲ್ ಬೇಡ, ಅದಕ್ಕೆ ರಬ್ಬರು ಉಬ್ಬಿ ಹಾಳಾಗುತ್ತದೆ.

ಹೊಸ ಚಾಸಿಸ್ ಮೇಲೆ ಬಾಡಿಯನ್ನು ಮೊದಲು ಬಣ್ಣವಿಲ್ಲದೆ, ಸೀಲ್ ಪಟ್ಟಿಯಿಲ್ಲದೆ ಒಮ್ಮೆ ಕೂರಿಸಿ ನೋಡಿ. ಒಂದೆರಡು ತೂತು 2 ಮಿ.ಮೀ. ಆಚೀಚೆ ಇರುವುದು ಮಾಮೂಲು. ಅದಕ್ಕೆ ಹೊಸ ಚಾಸಿಸ್ಸನ್ನು ಬೈಯುವ ಮುನ್ನ ಬಾಡಿಯನ್ನೊಮ್ಮೆ ಪರೀಕ್ಷಿಸಿ: ಬಾಗಿದ ಹಳೆಯ ಚಾಸಿಸ್ ಮೇಲೆ ವರ್ಷಗಟ್ಟಲೆ ಕೂತ ಬಾಡಿ ತಾನೂ ಆ ಬಾಗನ್ನು ಕಲಿತಿರುತ್ತದೆ. ಎಲ್ಲ ಬೋಲ್ಟ್‌ಗಳನ್ನೂ ಎರಡು ಮೂರು ಸುತ್ತು ಕೈಯಲ್ಲೇ ಹಿಡಿಸಿ, ಬಾಗಿಲು ತೂಗುಹಾಕಿ, ಸಂದು ಸರಿ ಬಂದ ಮೇಲೆಯೇ ಬಿಗಿ ಮಾಡಿ. ತೂತು ಹಿಗ್ಗಿಸಲೇಬೇಕಾದರೆ ಬಾಡಿಯ ತೂತನ್ನು ಅರದಿಂದ ಉಜ್ಜಿ, ಚಾಸಿಸ್‌ನ ಸತುವು ಕೆರೆಯಬೇಡಿ.

ಬಣ್ಣ ಬಳಿಯಲೇಬೇಕೆಂದೇನೂ ಇಲ್ಲ. ಬಳಿಯುವುದಾದರೆ ಆಲ್ಕಿಡ್ ಬಣ್ಣ ನೇರವಾಗಿ ಬಳಿಯಬೇಡಿ. ಸತುವು ಆ ಬಣ್ಣದ ಎಣ್ಣೆಯ ಅಂಶದೊಡನೆ ಸೇರಿ ಸಾಬೂನಿನಂಥ ಪದರವಾಗಿ, ಕೆಲವು ತಿಂಗಳಲ್ಲೇ ಬಣ್ಣ ಹಾಳೆಯಂತೆ ಎದ್ದು ಬರುತ್ತದೆ. ಜಿಡ್ಡು ತೆಗೆದು, ಮೇಲ್ಮೈ ಹಗುರವಾಗಿ ಒರಟು ಮಾಡಿ, ಎಪಾಕ್ಸಿ ಪ್ರೈಮರ್ ಕೊಟ್ಟು ಮುಂದುವರಿಯಿರಿ. ಅರ್ತ್ ತಂತಿ ಕೂರುವ ಜಾಗಗಳಲ್ಲಿ ಬಣ್ಣ ಬೇಡ, ಇಲ್ಲದಿದ್ದರೆ ಹೆಡ್‌ಲೈಟ್ ಮಂಕಾಗುತ್ತದೆ, ಸ್ಟಾರ್ಟರ್ ತಿಣುಕುತ್ತದೆ. ಯಾವುದಾದರೂ ಬ್ರಾಕೆಟ್ ವೆಲ್ಡ್ ಮಾಡಬೇಕಾಗಿ ಬಂದರೆ ಸುತ್ತಲಿನ ಸತುವನ್ನು ಉಜ್ಜಿ ತೆಗೆದು, ಗಾಳಿ ಆಡುವ ಕಡೆ ಮಾಸ್ಕ್ ಹಾಕಿಕೊಂಡೇ ಮಾಡಿ. ಸತುವಿನ ಹೊಗೆ ಕುಡಿದರೆ ಅದೇ ದಿನ ಚಳಿಜ್ವರ ಬರುತ್ತದೆ.

ಬ್ರೇಕ್ ಪೈಪ್‌ಗಳನ್ನು ಹೇಗೂ ಹೊಸದಾಗಿ ಎಳೆಯುತ್ತೀರಿ. 1981ರಿಂದ 2ಸಿವಿ6 ಮಾದರಿಗೆ ಮುಂದಿನ ಚಕ್ರಗಳಲ್ಲಿ ಡಿಸ್ಕ್ ಬ್ರೇಕ್ ಬಂತು, ಅದಕ್ಕೆ ಹಸಿರು ಎಲ್‌ಎಚ್‌ಎಂ ಖನಿಜ ಎಣ್ಣೆಯೇ ಆಗಬೇಕು. ನಾಲ್ಕೂ ಕಡೆ ಡ್ರಮ್ ಇರುವ ಹಳೆಯ ಕಾರಿಗೆ ಸಾಮಾನ್ಯ ಡಾಟ್ ಬ್ರೇಕ್ ಆಯಿಲ್. ಅದಲುಬದಲಾದರೆ ಸೀಲ್‌ಗಳೆಲ್ಲ ಉಬ್ಬಿ ಇಡೀ ವ್ಯವಸ್ಥೆ ಬಿಚ್ಚಬೇಕಾಗುತ್ತದೆ.

ಕೊನೆಯ ಎತ್ತರ ಹೊಂದಿಸುವ ಮೊದಲು ಟೈರಿನ ಗಾಳಿ ಸರಿಮಾಡಿ. 125 ಆರ್ 15 ಟೈರಿಗೆ ಮುಂದೆ 1.4 ಬಾರ್, ಹಿಂದೆ 1.8 ಬಾರ್. ಕಾರನ್ನು ಸ್ವಲ್ಪ ದೂರ ಓಡಿಸಿ ತಂದು, ಕೈಯಲ್ಲಿ ಒತ್ತಿ ಬಿಟ್ಟು, ಆಮೇಲೆ ಅಳೆಯಿರಿ. ಎಳೆಸರಳು ಒಂದು ಕಡೆ ತಿರುಗಿಸಿದರೆ ಇನ್ನೊಂದು ತುದಿಯ ಎತ್ತರವೂ ಬದಲಾಗುತ್ತದೆ, ಏಕೆಂದರೆ ಮುಂದಿನ ಹಿಂದಿನ ಸ್ಪ್ರಿಂಗ್‌ಗಳು ಒಂದೇ ಸಿಲಿಂಡರ್‌ನಲ್ಲಿವೆ. ಹಾಗಾಗಿ ಅರ್ಧರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯುತ್ತಾ ಹೋಗಬೇಕು, ಇಲ್ಲಿ ಅವಸರ ನಡೆಯುವುದಿಲ್ಲ.

ಸತುವಿದೆ ಎಂದು ಮೇಣ ಹಾಕುವುದನ್ನು ಕೈಬಿಡಬೇಡಿ. ಪೆಟ್ಟಿಗೆಯೊಳಗೆ ಹನಿಗಟ್ಟುವ ನೀರು ಸತುವನ್ನೂ ನಿಧಾನವಾಗಿ ತಿನ್ನುತ್ತದೆ. ನೀರಿಳಿಯುವ ತೂತುಗಳ ಮೂಲಕ ಉದ್ದ ಕೊಳವೆ ತೂರಿಸಿ ಒಳಗೆಲ್ಲ ಮೇಣ ಸಿಂಪಡಿಸಿ, ಆಮೇಲೆ ಆ ತೂತುಗಳು ಮುಚ್ಚಿಕೊಂಡಿಲ್ಲವೆಂದು ತಂತಿ ಹಾಕಿ ನೋಡಿ.

ಹಳೆಯ ಚಾಸಿಸ್ಸನ್ನು ಆತುರದಲ್ಲಿ ಗುಜರಿಗೆ ಹಾಕಬೇಡಿ. ಅದರ ಮೇಲೆ ಕೆತ್ತಿದ ನಂಬರು ಕಾರಿನ ಗುರುತು. ಹೊಸ ಚಾಸಿಸ್ ಮೇಲೆ ಯಾರು, ಹೇಗೆ ನಂಬರು ಕೆತ್ತಬೇಕೆಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ. ನೋಂದಣಿ ಕಚೇರಿಯಿಂದ ಬರಹದಲ್ಲಿ ಉತ್ತರ ಬರುವ ತನಕ ನಂಬರು ಇರುವ ತುಂಡು ನಿಮ್ಮ ಶೆಡ್‌ನಲ್ಲೇ ಇರಲಿ.