ಮುಟ್ಟಿ ಆಡುವ ಮಕ್ಕಳ ಮ್ಯೂಸಿಯಂಗೆ ಟಿಕೆಟ್ ತೆಗೆಯುವ ಮೊದಲು ಇದನ್ನು ಓದಿ

'ಮುಟ್ಟಿ ನೋಡಿ, ಮಾಡಿ ಕಲಿಯಿರಿ' ಎಂದು ಹೇಳಿಕೊಳ್ಳುವ ಮಕ್ಕಳ ಮ್ಯೂಸಿಯಂಗೆ ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಕೆಂದಿರುವ ತಂದೆತಾಯಂದಿರು ಆನ್‌ಲೈನ್‌ನಲ್ಲಿ ಹಣ ಕಟ್ಟುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ನಾವು ಹೋಗಿದ್ದ ಮ್ಯೂಸಿಯಂನವರು ನಾಲ್ವರಿಂದಲೂ ಪೂರ್ತಿ ದರ ವಸೂಲು ಮಾಡಿ, ಅರ್ಧಕ್ಕರ್ಧ ಪ್ರದರ್ಶಿಕೆಗಳು ಕೆಟ್ಟು ನಿಂತಿದ್ದ, ಪುಟ್ಟ ಮಕ್ಕಳ ವಿಭಾಗವನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟಿದ್ದ ಕಟ್ಟಡದೊಳಗೆ ನಮ್ಮನ್ನು ಬಿಟ್ಟರು. ಪ್ರಶ್ನಿಸಿದ್ದಕ್ಕೆ ಅವರು ಕೊಟ್ಟ ಉತ್ತರಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಇಂಥ ಕಡೆಗಳಲ್ಲಿ ಸಾಮಾನ್ಯವಾಗಿ ಏನೇನು ನಿಯಮಗಳಿರುತ್ತವೆ ಎಂಬುದು ನಿಮಗೂ ಗೊತ್ತು. ನಿಗದಿತ ಸಮಯದ ಟಿಕೆಟ್, ಕಾಲುಚೀಲ ಕಡ್ಡಾಯ, ಮಗುವಿಲ್ಲದೆ ದೊಡ್ಡವರಿಗೆ ಪ್ರವೇಶವಿಲ್ಲ, ದೊಡ್ಡವರಿಲ್ಲದೆ ಮಗುವಿಗೆ ಪ್ರವೇಶವಿಲ್ಲ. ಸುಮ್ಮನೆ ಗೋಡೆಗೊರಗಿ ನಿಲ್ಲುವ ನನ್ನಿಂದಲೂ ಮಗುವಿನಷ್ಟೇ ಹಣ ಪಡೆಯುವುದು ನನಗೆ ಹಿಡಿಸದಿದ್ದರೂ ಅದು ಎಲ್ಲೆಡೆ ಇರುವ ಪದ್ಧತಿ, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಒಳಗೆ ಏನೂ ಇಲ್ಲವೆಂದು ಗೊತ್ತಿದ್ದೂ ಟಿಕೆಟ್ ಮಾರಿದ್ದರ ಬಗ್ಗೆ. ಗೊತ್ತಿದ್ದೂ ಮಾರಿದರು, ಇದನ್ನು ಬೇಕೆಂದೇ ಮತ್ತೆ ಹೇಳುತ್ತಿದ್ದೇನೆ.

ಮೊದಲು ಸಿಕ್ಕಿದ್ದು ಗಾಳಿಯ ಮೇಜು. ಕೊಳವೆಯಿಂದ ಮೇಲಕ್ಕೆ ಚಿಮ್ಮುವ ಗಾಳಿಯಲ್ಲಿ ಹಗುರವಾದ ಚೆಂಡು ತೇಲಿ ನಿಲ್ಲಬೇಕು, ಕೊಳವೆಯನ್ನು ತುಸು ಓರೆ ಮಾಡಿದರೂ ಅದು ಕೆಳಗೆ ಬೀಳದೆ ಗಾಳಿಯ ಧಾರೆಯಲ್ಲೇ ಉಳಿಯಬೇಕು; ಮಕ್ಕಳು ಬಾಯಿ ಬಿಟ್ಟು ನೋಡುವುದು ಅದನ್ನೇ. ಅಲ್ಲಿ ಗಾಳಿಯಿತ್ತು, ಚೆಂಡಿರಲಿಲ್ಲ. ಐದು ವರ್ಷದ ಮಗಳು ಕೊಳವೆಯ ಮೇಲೆ ಅಂಗೈ ಹಿಡಿದು ಸ್ವಲ್ಪ ಹೊತ್ತು ಕಾದು, "ಅಮ್ಮಾ, ಇದು ಬರೀ ಫ್ಯಾನು" ಎಂದಳು. ಪಕ್ಕದಲ್ಲಿ ಮಗುವನ್ನು ನಡುವೆ ನಿಲ್ಲಿಸಿ ದೊಡ್ಡ ಬಳೆಯನ್ನು ಮೇಲೆತ್ತಿದರೆ ಸುತ್ತಲೂ ಸೋಪಿನ ಪೊರೆ ಏಳುವ ತೊಟ್ಟಿಯಿತ್ತು, ಆದರೆ ಅದರ ತಳದಲ್ಲಿ ಬಿಳಿ ಹೊಪ್ಪಳೆಯೊಂದೇ ಉಳಿದಿತ್ತು. ಸೋಪಿನ ನೀರಿಗೆ ಸ್ವಲ್ಪ ಗ್ಲಿಸರಿನ್ ಬೆರೆಸಿ ಸುರಿಯಲು ಯಾವ ಎಂಜಿನಿಯರ್ ಬರಬೇಕಾಗಿತ್ತೋ ತಿಳಿಯದು. ರಾಟೆಗಳು ಹೆಚ್ಚಿದಂತೆ ತಮ್ಮ ಭಾರವನ್ನು ತಾವೇ ಸಲೀಸಾಗಿ ಎಳೆದುಕೊಳ್ಳಬಹುದೆಂದು ಮಕ್ಕಳಿಗೆ ತೋರಿಸುವ ಕುರ್ಚಿಗಳ ಹಗ್ಗಗಳನ್ನೆಲ್ಲ ಒಟ್ಟಿಗೆ ಗಂಟು ಹಾಕಿ ಎತ್ತರದ ಕೊಕ್ಕೆಗೆ ಸಿಕ್ಕಿಸಿದ್ದರು. ಮಗಳು ಆ ಖಾಲಿ ಕುರ್ಚಿಯಲ್ಲಿ ಕುಳಿತದ್ದೇ ತಡ, ಸಿಬ್ಬಂದಿಯೊಬ್ಬರು ದೂರದಿಂದಲೇ "ಏಯ್, ಮುಟ್ಟಬೇಡ!" ಎಂದು ಗದರಿದರು. ಸುತ್ತಲಿದ್ದವರೆಲ್ಲ ತಿರುಗಿ ನಮ್ಮನ್ನೇ ನೋಡಿದರು. ಹಣ ಕೊಟ್ಟು ಒಳಗೆ ಬಂದವರು ನಾವು, ನಾಚಿ ತಲೆ ತಗ್ಗಿಸಬೇಕಾದವರೂ ನಾವೇ.

ಇಷ್ಟಾದರೂ ಸಹಿಸಿಕೊಳ್ಳಬಹುದಿತ್ತು, ಏಕೆಂದರೆ ನಾವು ಮುಖ್ಯವಾಗಿ ಹೋಗಿದ್ದು ಮೂರು ವರ್ಷದ ಮಗನಿಗಾಗಿ ಮತ್ತು ಟಿಕೆಟ್ ಪುಟದ ತುಂಬ ಹಾಕಿದ್ದ ಚಿತ್ರಗಳೂ ಪುಟ್ಟ ಮಕ್ಕಳ ವಿಭಾಗದವೇ: ನೀರಿನ ಕಾಲುವೆಗೆ ಅಡ್ಡಗಟ್ಟೆ ಹಾಕಿ ದೋಣಿ ತಿರುಗಿಸುವ ಮೇಜು, ಮೆತ್ತನೆಯ ದೊಡ್ಡ ಇಟ್ಟಿಗೆಗಳು, ಆಟಿಕೆ ಅಂಗಡಿ. ಆ ವಿಭಾಗದ ಗಾಜಿನ ಬಾಗಿಲಿಗೆ 'ಖಾಸಗಿ ಕಾರ್ಯಕ್ರಮ' ಎಂಬ ಚೀಟಿ ಅಂಟಿಸಿತ್ತು. ಒಳಗೆ ಯಾರದೋ ಹುಟ್ಟುಹಬ್ಬ. ಅದೇ ನೀರಿನ ಮೇಜಿನ ಸುತ್ತ ಇಪ್ಪತ್ತು ಮಕ್ಕಳು ಕೇಕೆ ಹಾಕುತ್ತಿದ್ದರೆ, ನನ್ನ ಮಗ ಗಾಜಿಗೆ ಮೂಗು ಒತ್ತಿ ಎರಡೂ ಕೈಗಳಿಂದ ಬಡಿಯುತ್ತಿದ್ದ. ಮೂರು ವರ್ಷದ ಮಗುವಿಗೆ 'ಖಾಸಗಿ' ಎಂದರೇನೆಂದು ನೀವಾದರೂ ಬಿಡಿಸಿ ಹೇಳಬಲ್ಲಿರಾ?

ಕೌಂಟರಿಗೆ ಹೋಗಿ ಕೇಳಿದೆ. ಅಲ್ಲಿದ್ದ ಹುಡುಗಿ ಪರದೆಯಿಂದ ಕಣ್ಣು ಕೀಳದೆ ಹೇಳಿದ ಮಾತು ಇದು: "ಟಿಕೆಟ್ ಇರುವುದು ಪ್ರವೇಶಕ್ಕೆ ಮೇಡಂ, ಪ್ರದರ್ಶಿಕೆಗಳಿಗಲ್ಲ." ಹಾಗಾದರೆ ನಾವು ತೆತ್ತದ್ದು ಬಾಗಿಲು ದಾಟುವುದಕ್ಕೆ ಮಾತ್ರವೇ ಎಂದು ಕೇಳಿದಾಗ ಮ್ಯಾನೇಜರನ್ನು ಕರೆದರು. ಅವರು ನಗುನಗುತ್ತಲೇ ಮಾತಿಗೆ ತೊಡಗಿ, ತಮ್ಮ ತಪ್ಪಿಲ್ಲವೆಂದು ಸಾಬೀತು ಮಾಡುವ ಭರದಲ್ಲಿ, "ಆ ಕಾರ್ಯಕ್ರಮ ಹೋದ ತಿಂಗಳೇ ಬುಕ್ ಆಗಿತ್ತು, ನಾವೇನು ಮಾಡಲು ಸಾಧ್ಯ?" ಎಂದರು. ನಾನು ಪೂರಾ ಮೋಸಹೋದೆನೆಂದು ಅರಿವಾದದ್ದು ಆ ಕ್ಷಣದಲ್ಲಿ. ಹೋದ ತಿಂಗಳೇ ಗೊತ್ತಿತ್ತು! ನಾನು ಟಿಕೆಟ್ ಕೊಂಡದ್ದು ಹಿಂದಿನ ದಿನ ರಾತ್ರಿ. ಅದೇ ವಿಭಾಗದ ಚಿತ್ರದ ಕೆಳಗಿದ್ದ ಗುಂಡಿಯನ್ನು ಒತ್ತಿ, ಮಗನ ವಯಸ್ಸು ಮೂರು ಎಂದು ತುಂಬಿ ಕೊಂಡದ್ದು. ಆಗ ಒಂದು ಸಾಲಿನ ಸೂಚನೆಯೂ ಕಾಣಿಸಲಿಲ್ಲ. ಇದನ್ನೇ ಹೇಳಿದಾಗ ಅವರು, "ಚಿಕ್ಕವನಿಗೆ ದೊಡ್ಡ ಮಕ್ಕಳ ವಿಭಾಗವೂ ಇಷ್ಟವಾಗುತ್ತದೆ ಮೇಡಂ, ಕರೆದುಕೊಂಡು ಹೋಗಿ" ಎಂದರು. ಅಲ್ಲಿನ ಹತ್ತುವ ಗೋಪುರದ ಬುಡದಲ್ಲಿ ಎತ್ತರ ಅಳೆಯುವ ಪಟ್ಟಿಯಿದೆ, ನನ್ನ ಮಗ ಅದರ ಗೆರೆಗಿಂತ ಒಂದು ಗೇಣು ಕಡಿಮೆ.

ಕೆಟ್ಟ ಪ್ರದರ್ಶಿಕೆಗಳ ಬಗ್ಗೆ ಕೇಳಿದರೆ "ಮಕ್ಕಳು ಮುಟ್ಟುತ್ತಾರಲ್ಲ, ಕೆಡುವುದು ಸಹಜ" ಎಂದರು. ಈ ಮಾತು ನನಗೆ ಹೆಚ್ಚು ಸಿಟ್ಟು ತರಿಸಿತು. ಮಕ್ಕಳಿಗೆಂದೇ ಮೊದಲ ಮ್ಯೂಸಿಯಂ ಅಮೆರಿಕದ ಬ್ರೂಕ್ಲಿನ್‌ನಲ್ಲಿ ತೆರೆದದ್ದು 1899ರಲ್ಲಿ. ಬಾಸ್ಟನ್‌ನ ಮಕ್ಕಳ ಮ್ಯೂಸಿಯಂ 1960ರ ದಶಕದಲ್ಲಿ, ಮೈಕೆಲ್ ಸ್ಪಾಕ್ ನಿರ್ದೇಶಕರಾಗಿದ್ದಾಗಲೇ, ವಸ್ತುಗಳನ್ನು ಗಾಜಿನ ಪೆಟ್ಟಿಗೆಯಿಂದ ಬಿಡಿಸಿ ಮಕ್ಕಳ ಕೈಗಿತ್ತಿತು. 1969ರಲ್ಲಿ ಫ್ರಾಂಕ್ ಓಪನ್‌ಹೈಮರ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭಿಸಿದ ಎಕ್ಸ್‌ಪ್ಲೊರೆಟೋರಿಯಂ ಎಂಬ ವಿಜ್ಞಾನ ಮ್ಯೂಸಿಯಂನಲ್ಲಂತೂ ಪ್ರದರ್ಶಿಕೆಗಳನ್ನು ತಯಾರಿಸುವ ಕಾರ್ಯಾಗಾರವನ್ನೇ ನೋಡುಗರ ಕಣ್ಣೆದುರು ಇಟ್ಟಿದ್ದಾರೆ. ಮುಟ್ಟಿದರೆ ಸವೆಯುತ್ತದೆ ಎಂಬುದು ಈ ಕಸುಬಿನವರಿಗೆಲ್ಲ ಅಂದಿನಿಂದಲೂ ಗೊತ್ತಿರುವ ಸಂಗತಿ. ಅದಕ್ಕಾಗಿಯೇ ಬಿಡಿಭಾಗಗಳ ದಾಸ್ತಾನು, ದುರಸ್ತಿಯ ಸಿಬ್ಬಂದಿ, ಬಾಗಿಲು ತೆರೆಯುವ ಮೊದಲೊಂದು ಸುತ್ತಿನ ಪರಿಶೀಲನೆ ಬೇಕಾಗುತ್ತದೆ. ಅದಕ್ಕೇ ಅಲ್ಲವೆ ನಾವು ಹಣ ಕೊಡುವುದು? ಚೆಂಡು ಕಳೆದರೆ ಇನ್ನೊಂದು ಚೆಂಡು ಇಡಲಾಗದವರು ಮ್ಯೂಸಿಯಂ ಏಕೆ ನಡೆಸಬೇಕು?

ಹಣ ಹಿಂದಿರುಗಿಸಿ ಎಂದು ಇಮೇಲ್ ಬರೆದೆ. ಮೊದಲು ಬಂದದ್ದು 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂಬ ಯಂತ್ರದ ಉತ್ತರ. ಆಮೇಲೆ, 'ಕೆಲವು ಪ್ರದರ್ಶಿಕೆಗಳು ಲಭ್ಯವಿಲ್ಲದಿರಬಹುದು' ಎಂಬ ಷರತ್ತಿಗೆ ನಾನು ಒಪ್ಪಿರುವುದಾಗಿ ತಿಳಿಸುವ ಪತ್ರ ಬಂತು. ಒಂದೆರಡು ಕೆಟ್ಟಿದ್ದರೆ ಯಾರೂ ದೂರು ಕೊಡುವುದಿಲ್ಲ, ನಾನು ಕೇಳುತ್ತಿರುವುದು ಒಂದು ತಿಂಗಳ ಮೊದಲೇ ಬಾಡಿಗೆಗೆ ಕೊಟ್ಟ ವಿಭಾಗದ ಬಗ್ಗೆ ಎಂದು ಉತ್ತರಿಸಿದೆ. ಅದಕ್ಕೆ ಮಾತ್ರ ಇಂದಿಗೂ ಜವಾಬಿಲ್ಲ. ಬದಲಾಗಿ ಮುಂದಿನ ಭೇಟಿಗೆ ರಿಯಾಯಿತಿಯ ಕೂಪನ್ ಕಳುಹಿಸಿದ್ದಾರೆ, ಅದೂ ವಾರದ ಕೆಲಸದ ದಿನಗಳಲ್ಲಿ ಮಾತ್ರ, ಅದೂ ಮಗುವಿನ ಟಿಕೆಟ್ಟಿಗೆ ಮಾತ್ರ. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ.

ಆದ್ದರಿಂದ ಹೋಗಲೇಬೇಕೆಂದಿದ್ದರೆ ಟಿಕೆಟ್ ಕೊಳ್ಳುವ ಮೊದಲು ಫೋನ್ ಮಾಡಿ, ಆ ದಿನ ಆ ಹೊತ್ತಿಗೆ ಯಾವ ವಿಭಾಗವನ್ನು ಪಾರ್ಟಿಗೋ ಶಾಲಾ ಗುಂಪಿಗೋ ಕೊಟ್ಟಿದ್ದೀರಿ ಎಂದು ನೇರವಾಗಿ ಕೇಳಿ. 'ಎಲ್ಲವೂ ತೆರೆದಿರುತ್ತದೆ' ಎಂಬ ಉತ್ತರ ಸಾಲದು, ಲಿಖಿತವಾಗಿ ತರಿಸಿಕೊಳ್ಳಿ. ಇಬ್ಬರು ಮಕ್ಕಳ ವಯಸ್ಸಿನಲ್ಲಿ ಅಂತರವಿದ್ದರೆ ಒಬ್ಬರೇ ದೊಡ್ಡವರು ಹೋಗಬೇಡಿ, ಎರಡು ವಿಭಾಗಗಳ ನಡುವೆ ನೀವು ಸಿಕ್ಕಿಕೊಳ್ಳುತ್ತೀರಿ. ಕೆಟ್ಟು ನಿಂತದ್ದು ಕಂಡ ಕೂಡಲೇ ಫೋಟೊ ತೆಗೆದು, ಒಳಹೊಕ್ಕ ಹತ್ತು ನಿಮಿಷದೊಳಗೇ ಕೌಂಟರಿನಲ್ಲಿ ದೂರು ಬರೆಸಿ, ಏಕೆಂದರೆ 'ನೀವು ಪೂರ್ತಿ ಸಮಯ ಒಳಗಿದ್ದಿರಲ್ಲ' ಎಂಬುದೂ ನಮಗೆ ಬಂದ ಉತ್ತರಗಳಲ್ಲಿ ಒಂದು. ಇಂದಿನ ಟಿಕೆಟ್ ಹಣವನ್ನು ವಾರ್ಷಿಕ ಸದಸ್ಯತ್ವಕ್ಕೆ ಹೊಂದಿಸಿಕೊಡುತ್ತೇವೆ ಎಂದು ಹೊರಡುವಾಗ ಅದೇ ಮ್ಯಾನೇಜರ್ ನಗುತ್ತ ಬಂದರೆ, ಮಕ್ಕಳು ಎಷ್ಟೇ ಅತ್ತರೂ, ಅಲ್ಲಿ ಸಹಿ ಹಾಕಬೇಡಿ.